ಓದುಗರ ಪ್ರಶ್ನೆ, ನಮ್ಮ ಉತ್ತರ: ಹೈವೋಲ್ಟೇಜ್ ಇನ್ಸುಲೇಷನ್ ಒಳಗೆ ತೆಳು ಸೆನ್ಸರ್

ಇನ್ಸುಲೇಷನ್ ಹದಗೆಡುವುದನ್ನು ಒಳಗಿನಿಂದಲೇ ತಿಳಿಯಲು ಕಾಯಿಲ್, ಕೇಬಲ್, ಬುಶಿಂಗುಗಳಲ್ಲಿ (ಟ್ರಾನ್ಸ್‌ಫಾರ್ಮರಿನ ತೊಟ್ಟಿಯಿಂದ ಹೈವೋಲ್ಟೇಜ್ ವಾಹಕವನ್ನು ಹೊರತರುವ ಇನ್ಸುಲೇಟರುಗಳಲ್ಲಿ) ಸೆನ್ಸರ್ ಹುದುಗಿಸುವ ಬಗ್ಗೆ ಈ ಬಾರಿ ಹಲವು ಪ್ರಶ್ನೆಗಳು ಬಂದಿವೆ. ಒಂದೇ ಬಗೆಯವನ್ನು ಸೇರಿಸಿ ಏಳಕ್ಕೆ ಇಳಿಸಿದ್ದೇವೆ. ಪಾರ್ಷಿಯಲ್ ಡಿಸ್ಚಾರ್ಜ್ ಎಂಬುದನ್ನು ಕೆಲಸದವರು ಕರೆಯುವಂತೆ ‘ಪಿಡಿ’ ಎಂದೇ ಬರೆದಿದ್ದೇವೆ. ಇನ್ಸುಲೇಷನ್ ಪೂರ್ತಿ ಒಡೆಯದೆ ಅದರ ಒಂದು ಭಾಗದಲ್ಲಷ್ಟೇ ಹಾರುವ ಕಿಡಿ ಅದು.

ಪ್ರಶ್ನೆ: ನಾನು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿ. 25 ಮೈಕ್ರಾನ್ ಪಾಲಿಇಮೈಡ್ (ಬಿಸಿ ತಾಳುವ ಪ್ಲಾಸ್ಟಿಕ್) ಹಾಳೆಯ ಮೇಲೆ ತಾಮ್ರದ ಸೆನ್ಸರ್ ಮಾಡಿ ಎಪಾಕ್ಸಿ (ಎರೆದ ಮೇಲೆ ಗಟ್ಟಿಯಾಗುವ ರೆಸಿನ್) ಎರಕದ ನಡುವೆ ಇಡುವುದು ನಮ್ಮ ಯೋಜನೆ. ಇಷ್ಟು ತೆಳುವಾದದ್ದು ಇನ್ಸುಲೇಷನ್ನಿಗೆ ಏನೂ ಮಾಡದು ಎಂದು ಜೊತೆಯವರು ಹೇಳುತ್ತಾರೆ. ನಿಜವೇ?

ತೆಳುವಾಗಿದೆಯೇ ಎಂದು ಕೇಳುವ ಮೊದಲು ಯಾವ ದಿಕ್ಕಿಗೆ ಮಲಗಿದೆ ಎಂದು ಕೇಳಿ. ವಿದ್ಯುತ್ ಕ್ಷೇತ್ರದ ಗೆರೆಗಳು ಹೈವೋಲ್ಟೇಜ್ ಕಡೆಯಿಂದ ಅರ್ತಿನ ಕಡೆಗೆ ಹೋಗುತ್ತವೆ. ಆ ಗೆರೆಗಳಿಗೆ ಅಡ್ಡಲಾಗಿ, ಅಂದರೆ ಸಮವಿಭವ (ಎಲ್ಲ ಕಡೆ ಒಂದೇ ವೋಲ್ಟೇಜ್ ಇರುವ) ಮೇಲ್ಮೈಗೆ ಅಂಟಿಕೊಂಡಂತೆ ಲೋಹದ ಹಾಳೆ ಮಲಗಿದ್ದರೆ ಕ್ಷೇತ್ರ ಹೆಚ್ಚು ಕದಡುವುದಿಲ್ಲ. ಅದೇ ಲೋಹ ಗೆರೆಯ ಉದ್ದಕ್ಕೆ ನಿಂತರೆ ಸೂಜಿಯೇ ಆಗಿಬಿಡುತ್ತದೆ.

ಲೆಕ್ಕ ನೋಡಿ. ಉದ್ದ ಅಗಲದ ಹತ್ತರಷ್ಟಿರುವ, ಮೊಟ್ಟೆಯಂತೆ ನುಣುಪಾದ ಲೋಹದ ಕಡ್ಡಿ ಕ್ಷೇತ್ರದ ಉದ್ದಕ್ಕೆ ನಿಂತರೆ ಅದರ ತುದಿಯಲ್ಲಿ ಕ್ಷೇತ್ರ ಸುಮಾರು 49 ಪಟ್ಟು. ಎಪಾಕ್ಸಿಯಲ್ಲಿ 2 ಕೆವಿ/ಮಿ.ಮೀ. ಇದ್ದರೆ ತುದಿಯಲ್ಲಿ 98 ಕೆವಿ/ಮಿ.ಮೀ., ಅಂದರೆ ಟ್ರೀಯಿಂಗ್ (ಇನ್ಸುಲೇಷನ್ ಒಳಗೆ ಮರದ ಕೊಂಬೆಯಂತೆ ಹಬ್ಬುವ ಸೀಳು) ಶುರುವಾಗಲು ಬೇಕಾದಷ್ಟು. ಅದೇ 1:10 ಪ್ರಮಾಣದ ನುಣುಪು ಬಿಲ್ಲೆಯನ್ನು ಕ್ಷೇತ್ರಕ್ಕೆ ಸರಿಯಾಗಿ ಅಡ್ಡ ಮಲಗಿಸಿದರೆ ಮುಖದ ಮೇಲೆ ಬರೀ 1.16 ಪಟ್ಟು. ಆದರೆ ಬಿಲ್ಲೆ ವಾಲಿದರೆ ಅಂಚಿನಲ್ಲಿ ಹೆಚ್ಚಳ ಶುರು: 5 ಡಿಗ್ರಿ ವಾಲಿದರೆ ಸುಮಾರು 1.25 ಪಟ್ಟು, 10 ಡಿಗ್ರಿಗೆ 2.5 ಪಟ್ಟು. ನಿಮ್ಮ ಸೆನ್ಸರಿನ ಅಗಲ ದಪ್ಪದ ಹತ್ತಲ್ಲ, ನೂರಾರು ಪಟ್ಟು ಇರುತ್ತದೆ. ಜೊತೆಗೆ ಎಚ್ಚಿಂಗ್ ಮಾಡಿದ (ರಾಸಾಯನಿಕದಿಂದ ಕೊರೆದ) ತಾಮ್ರದ ಅಂಚು ನುಣುಪಾಗಿರದು, ಗರಗಸದಂತಿರುತ್ತದೆ. ಆದ್ದರಿಂದ ನಿಮ್ಮ ವಿಷಯದಲ್ಲಿ ಸ್ವಲ್ಪ ವಾಲಿದರೂ ಇದಕ್ಕಿಂತ ಕೆಟ್ಟ ಫಲವೇ ಬರುತ್ತದೆ. ತೆಳುವಾದಷ್ಟೂ ಅಂಚು ಚೂಪು ಎಂಬುದನ್ನು ನಿಮ್ಮ ಜೊತೆಯವರಿಗೆ ಹೇಳಿ.

ಇನ್ನೊಂದು ವಿಷಯ. ಯಾವುದಕ್ಕೂ ಜೋಡಿಸದೆ ತೇಲಾಡುವ ವಿಭವದಲ್ಲಿ ಲೋಹವನ್ನು ಬಿಡಲೇಬೇಡಿ. ಅರ್ತಿಗೋ ಹೈವೋಲ್ಟೇಜ್ ಎಲೆಕ್ಟ್ರೋಡಿಗೋ ಒಂದು ಕಡೆ ಅದರ ಗಂಟು ಇರಲೇಬೇಕು. ನಮ್ಮ ಸಲಹೆ ನೇರವಾಗಿದೆ: ಎಪಾಕ್ಸಿಯ ನಟ್ಟನಡುವೆ ಇಡುವ ಯೋಚನೆ ಕೈಬಿಡಿ. ಅರ್ತ್ ಎಲೆಕ್ಟ್ರೋಡಿನ ಮುಖಕ್ಕೆ ಒತ್ತಿಕೊಂಡು, ಅದರ ಅಂಚನ್ನು ಸೆಮಿಕಂಡಕ್ಟಿಂಗ್ (ಅಲ್ಪವಾಗಿ ವಿದ್ಯುತ್ ಹರಿಯಬಿಡುವ) ಪದರದ ಕೆಳಗೆ ಮುಚ್ಚಿ ಇಡಿ. ಪಿಡಿ ಪಲ್ಸು ಅಲ್ಲಿಗೂ ಬರುತ್ತದೆ, ಕ್ಷೇತ್ರ ಮಾತ್ರ ಅಂಚನ್ನು ಮುಟ್ಟುವುದಿಲ್ಲ.

ಪ್ರಶ್ನೆ: ನಾವು ಎಪಾಕ್ಸಿ ಎರಕದ ಕಾಯಿಲ್ ಮಾಡುವವರು. ಫೈಬರ್ ಇಲ್ಲದ ಕಾಯಿಲ್‌ನಲ್ಲಿ ಪಿಡಿ 5 ಪಿಕೋಕೂಲಂಬಿಗಿಂತ (ಕಿಡಿಯ ವಿದ್ಯುದಾವೇಶದ ಅಳತೆ) ಕಡಿಮೆ. ಆಪ್ಟಿಕಲ್ ಫೈಬರ್ ಹುದುಗಿಸಿದ್ದರಲ್ಲಿ 80 ದಾಟಿತು. ಫೈಬರ್ ಗಾಜು, ಅದರಲ್ಲಿ ಲೋಹವೇ ಇಲ್ಲ. ಮತ್ತೇಕೆ?

ತಪ್ಪು ಗಾಜಿನದಲ್ಲ, ಗಾಜಿನ ಸುತ್ತ ಉಳಿದ ಗಾಳಿಯದು. ಸಿಲಿಕಾ ಗಾಜಿನ ಪರ್ಮಿಟಿವಿಟಿ (ವಸ್ತು ತನ್ನೊಳಗಿನ ವಿದ್ಯುತ್ ಕ್ಷೇತ್ರವನ್ನು ಎಷ್ಟು ಪಟ್ಟು ತಗ್ಗಿಸುತ್ತದೆ ಎಂಬ ಸಂಖ್ಯೆ) 3.8, ಫಿಲ್ಲರ್ (ಖನಿಜದ ಪುಡಿ) ಹಾಕಿದ ಎಪಾಕ್ಸಿಯದು 4ರ ಆಸುಪಾಸು. ಎರಡೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಎಪಾಕ್ಸಿಯೊಳಗೆ ಬರಿಯ ಗಾಜಿನ ಎಳೆ ಇರುವುದು ಕ್ಷೇತ್ರಕ್ಕೆ ಗೊತ್ತೇ ಆಗುವುದಿಲ್ಲ. ಗಾಳಿಯ ಪರ್ಮಿಟಿವಿಟಿ 1.

ಕ್ಷೇತ್ರಕ್ಕೆ ಅಡ್ಡವಾಗಿ ಚಪ್ಪಟೆ ಬಿರುಕು ಇದ್ದರೆ ಅದರೊಳಗೆ ಕ್ಷೇತ್ರ 4 ಪಟ್ಟು. ಎಪಾಕ್ಸಿಯಲ್ಲಿ 2 ಕೆವಿ/ಮಿ.ಮೀ. ಆರ್‌ಎಂಎಸ್ (ಎಸಿಯ ಪರಿಣಾಮಕಾರಿ ಬೆಲೆ) ಇದ್ದರೆ ಶಿಖರ ಬೆಲೆ 2.8, ಬಿರುಕಿನೊಳಗೆ 11. ವಾತಾವರಣದ ಒತ್ತಡದ 0.1 ಮಿ.ಮೀ. ಗಾಳಿ 9–10ಕ್ಕೇ ಒಡೆಯುತ್ತದೆ. ಅಲ್ಲಿಗೆ ಪ್ರತಿ ಸೈಕಲ್ಲಿಗೂ ಕಿಡಿ. ಕೊಳವೆಯಾಕಾರದ ಗಾಳಿಜಾಗಕ್ಕೆ ಈ ಹೆಚ್ಚಳ 1.6 ಪಟ್ಟು ಅಷ್ಟೇ, ಆದರೆ ಕೊಳವೆ ದೊಡ್ಡದಾದಂತೆ ಗಾಳಿ ಒಡೆಯುವ ಕ್ಷೇತ್ರವೂ ಇಳಿಯುತ್ತದೆ. ನೀವು ಹಾಕಿದ್ದು ಫೈಬರ್ ಒಳಗೆ ಸಡಿಲವಾಗಿ ಆಡುವ ಲೂಸ್ ಟ್ಯೂಬ್ ಎಂದು ನಿಮ್ಮ ಪತ್ರದ ಚಿತ್ರದಿಂದ ತಿಳಿಯುತ್ತದೆ. ಅದರ ರಂಧ್ರ 0.5 ಮಿ.ಮೀ. ಎಂದಿಟ್ಟುಕೊಂಡರೆ ಎಪಾಕ್ಸಿಯಲ್ಲಿ 2.4 ಕೆವಿ/ಮಿ.ಮೀ. ಆರ್‌ಎಂಎಸ್ ದಾಟುತ್ತಿದ್ದಂತೆ ಪಿಡಿ ಶುರುವಾಗಬೇಕು.

ಇದಕ್ಕಿಂತ ಕೆಟ್ಟದ್ದೂ ಇದೆ. ಕಾಯಿಲನ್ನು ನಿರ್ವಾತದಲ್ಲಿ ಎರೆಯುವಾಗ ಟ್ಯೂಬಿನ ಎರಡೂ ತುದಿ ಮುಚ್ಚಿಕೊಂಡರೆ ಒಳಗೆ ವಿರಳ ಗಾಳಿ ಸಿಕ್ಕಿಬೀಳುತ್ತದೆ. 0.5 ಮಿ.ಮೀ. ಅಂತರ, 15 ಮಿಲಿಬಾರ್ ಒತ್ತಡ ಎಂದರೆ ಪಾಶೆನ್ ವಕ್ರರೇಖೆಯ (ಒತ್ತಡ ಮತ್ತು ಅಂತರಕ್ಕೆ ತಕ್ಕಂತೆ ಗಾಳಿ ಒಡೆಯುವ ವೋಲ್ಟೇಜ್ ತೋರಿಸುವ ಗೆರೆ) ತೀರಾ ತಳ. ಅಲ್ಲಿ ಗಾಳಿ ಒಡೆಯಲು ಸುಮಾರು 330 ವೋಲ್ಟ್ ಸಾಕು. ನಿರ್ವಾತ ಹಿಡಿದಿದ್ದೇವೆ, ಗಾಳಿ ಇಲ್ಲ ಎಂಬ ನೆಮ್ಮದಿ ಇಲ್ಲಿ ಮೋಸ ಮಾಡುತ್ತದೆ.

ಮುಂದಿನ ಕಾಯಿಲ್‌ಗೆ ಹೀಗೆ ಮಾಡಿ. ಟ್ಯೂಬ್ ಬೇಡ, ಪಾಲಿಇಮೈಡ್ ಲೇಪದ ಬರಿಯ ಫೈಬರ್ ತೆಗೆದುಕೊಳ್ಳಿ. ಗಾಜು 125 ಮೈಕ್ರಾನ್, ಲೇಪ ಸೇರಿ ಸುಮಾರು 150. ಮಾಮೂಲಿ ಅಕ್ರಿಲೇಟ್ ಲೇಪದ್ದು 250 ಮೈಕ್ರಾನ್ ಇರುತ್ತದೆ ಮತ್ತು 85 ಡಿಗ್ರಿಗೆ ಮೇಲೆ ತಾಳದು. ನಿಮ್ಮ ಪೋಸ್ಟ್‌ಕ್ಯೂರ್ (ರೆಸಿನ್ ಪೂರ್ತಿ ಗಟ್ಟಿಯಾಗಲು ಕೊನೆಗೆ ಕೊಡುವ ಬಿಸಿ) 140 ಡಿಗ್ರಿ ಎಂದಿದ್ದೀರಿ, ಲೇಪ ಮೆತ್ತಗಾಗಿ ಗಾಜಿನಿಂದ ಬಿಟ್ಟುಕೊಳ್ಳುತ್ತದೆ. ಫೈಬರನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿದ ಮೇಲೆ ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಜಿಡ್ಡು ಇದ್ದ ಕಡೆ ರೆಸಿನ್ ಹಿಡಿಯುವುದಿಲ್ಲ. ಲೇಪ ತೆಗೆದ ಗಾಜಿನ ಭಾಗವಿದ್ದರೆ ಸಿಲೇನ್ (ಗಾಜಿಗೂ ರೆಸಿನ್ನಿಗೂ ಬೆಸುಗೆಯಾಗುವ ದ್ರವ) ಹಚ್ಚಿ ಒಣಗಿಸಿ. ಜಾಗದಲ್ಲಿ ನಿಲ್ಲಿಸಲು ಅಂಟುಟೇಪ್ ಬಳಸಬೇಡಿ. ಟೇಪಿನ ಅಂಚಿನ ಕೆಳಗೆ ಫೈಬರಿನ ಎರಡೂ ಪಕ್ಕ ಸಣ್ಣ ತ್ರಿಕೋನದ ಗಾಳಿಸುರಂಗ ಉಳಿಯುತ್ತದೆ. ಕತ್ತರಿಸಿ ನೋಡಿದರೆ ಪಿಡಿ ಸುಟ್ಟ ಕಂದು ಗೆರೆ ಹೆಚ್ಚಾಗಿ ಅಲ್ಲೇ ಸಿಗುತ್ತದೆ. ಗಾಜಿನ ನೂಲಿನಿಂದ ಸಡಿಲವಾಗಿ ಕಟ್ಟಿ. ಬಾಗು 30 ಮಿ.ಮೀ. ತ್ರಿಜ್ಯಕ್ಕಿಂತ ಬಿಗಿಯಾಗದಿರಲಿ, ಎಳೆದು ಕಟ್ಟದೆ ಸ್ವಲ್ಪ ಅಲೆಯಂತೆ ಬಿಡಿ.

ಪಾಲಿಇಮೈಡ್ ತೇವ ಹೀರುತ್ತದೆ. ಆದ್ದರಿಂದ ಅಚ್ಚಿನೊಳಗೆ ಕೂರಿಸಿದ ಮೇಲೆ ಅಚ್ಚಿನ ಸಮೇತ 100 ಡಿಗ್ರಿಯಲ್ಲಿ ಕೆಲವು ಗಂಟೆ ನಿರ್ವಾತದಲ್ಲಿ ಒಣಗಿಸಿ. ರೆಸಿನನ್ನು ಬೇರೆಯಾಗಿ ಗಾಳಿ ತೆಗೆದು, ಅಚ್ಚಿನ ಕೆಳಗಿನಿಂದ, ಫೈಬರಿನ ಉದ್ದಕ್ಕೆ ಏರುವಂತೆ ನಿಧಾನ ತುಂಬಿ. ಅಡ್ಡಕ್ಕೆ ಹರಿದರೆ ಹಿಂಬದಿಯಲ್ಲಿ ಗುಳ್ಳೆ ಸಿಕ್ಕಿಕೊಳ್ಳುತ್ತದೆ. ತುಂಬಿದ ಮೇಲೆ 20–30 ನಿಮಿಷ ನಿರ್ವಾತ ಹಿಡಿದು ಆಮೇಲೆ ಬಿಡಿ. ಆಗ ಹೊರಗಿನ ಒತ್ತಡ ಉಳಿದ ಗುಳ್ಳೆಗಳನ್ನು ಹಿಂಡುತ್ತದೆ.

ಫೈಬರ್ ಹೊರಬರುವ ದಾರಿಯನ್ನು ಕೊನೆಗೆ ಯೋಚಿಸುವುದೇ ಎಲ್ಲರ ತಪ್ಪು. ಹೈವೋಲ್ಟೇಜ್ ಕಡೆಯಿಂದ ಅರ್ತಿನ ಕಡೆಗೆ ನೆಟ್ಟಗೆ ತಂದರೆ ಫೈಬರ್ ಮತ್ತು ರೆಸಿನ್ ನಡುವಿನ ಗಡಿಯೇ ಕಿಡಿ ಹರಿಯುವ ದಾರಿಯಾಗುತ್ತದೆ. ಆದಷ್ಟು ಒಂದೇ ವಿಭವದ ಉದ್ದಕ್ಕೆ ಸಾಗಿಸಿ, ದಾಟಲೇಬೇಕಾದ ಕಡೆ ಓರೆಯಾಗಿ, ಉದ್ದದ ದಾರಿ ಸುತ್ತಿಸಿ.

ಪ್ರಶ್ನೆ: ಎರಕ ಮಾಡಿದ ಮೇಲೆ ಫೈಬರ್ ಬ್ರ್ಯಾಗ್ ಗ್ರೇಟಿಂಗ್ (ಒಂದೇ ತರಂಗಾಂತರದ ಬೆಳಕನ್ನು ಹಿಂದಿರುಗಿಸುವಂತೆ ಫೈಬರಿನೊಳಗೆ ಮೂಡಿಸಿದ ಗುರುತುಗಳ ಸಾಲು) ಕೋಣೆಯ ತಾಪದಲ್ಲೇ ಮೈನಸ್ ನೂರಾರು ಡಿಗ್ರಿ ತೋರಿಸುತ್ತಿದೆ. ಗ್ರೇಟಿಂಗ್ ಹಾಳಾಯಿತೇ?

ಇಲ್ಲ. 1550 ನ್ಯಾನೊಮೀಟರಿನ ಗ್ರೇಟಿಂಗಿನ ತರಂಗಾಂತರ ಪ್ರತಿ ಡಿಗ್ರಿಗೆ ಸುಮಾರು 10 ಪಿಕೋಮೀಟರ್ ಸರಿಯುತ್ತದೆ, ಪ್ರತಿ ಮೈಕ್ರೊಸ್ಟ್ರೇನ್‌ಗೆ (ಉದ್ದದಲ್ಲಿ ದಶಲಕ್ಷಕ್ಕೆ ಒಂದು ಪಾಲು ಬದಲಾವಣೆ) 1.2. ಎಪಾಕ್ಸಿ 140ರಿಂದ 30 ಡಿಗ್ರಿಗೆ ತಣಿಯುವಾಗ ಗಾಜಿಗಿಂತ ಬಹಳ ಹೆಚ್ಚು ಕುಗ್ಗುತ್ತದೆ. ಎಪಾಕ್ಸಿಯ ಹಿಗ್ಗುವ ಗುಣಾಂಕ ಪ್ರತಿ ಡಿಗ್ರಿಗೆ ದಶಲಕ್ಷಕ್ಕೆ 35, ಗಾಜಿನದು 0.55 ಎಂದು ಹಿಡಿದರೆ ಫೈಬರ್ ಮೇಲೆ ಸುಮಾರು 3,800 ಮೈಕ್ರೊಸ್ಟ್ರೇನ್ ಹಿಂಡಿಕೆ, ಅಂದರೆ 4.5 ನ್ಯಾನೊಮೀಟರ್ ಸರಿತ. ಅದನ್ನು ತಾಪ ಎಂದು ಓದಿದರೆ 450 ಡಿಗ್ರಿ ತಪ್ಪು.

ಪೋಸ್ಟ್‌ಕ್ಯೂರ್ ಮುಗಿದ ಮೇಲೆ ಇಡೀ ಕಾಯಿಲನ್ನು ಓವನ್ನಿನಲ್ಲಿಟ್ಟು 30ರಿಂದ 120 ಡಿಗ್ರಿಯವರೆಗೆ, ಪ್ರತಿ ಹಂತದಲ್ಲೂ ತಾಪ ಸ್ಥಿರವಾಗುವವರೆಗೆ ಕಾದು ಹೊಸದಾಗಿ ಕ್ಯಾಲಿಬ್ರೇಟ್ ಮಾಡಿ. ಚೆನ್ನಾಗಿ ಅಂಟಿಕೊಂಡಿದ್ದರೆ ಇಳಿಜಾರು 10ರ ಬದಲು ಪ್ರತಿ ಡಿಗ್ರಿಗೆ 50 ಪಿಕೋಮೀಟರಿನ ಹತ್ತಿರ ಬರುತ್ತದೆ. ಇದೊಂದು ಉಪಕಾರವೂ ಹೌದು: ಮುಂದೆ ಎಂದಾದರೂ ಆ ಇಳಿಜಾರು 10ರ ಕಡೆಗೆ ಬಿದ್ದರೆ ಫೈಬರ್ ರೆಸಿನ್ನಿನಿಂದ ಬಿಟ್ಟುಕೊಂಡಿದೆ ಎಂದೇ ಅರ್ಥ, ಅಂದರೆ ಗಾಳಿಸಂದು ಹುಟ್ಟಿದೆ. ಒತ್ತಡ ತಾಗದಿರಲೆಂದು ಗ್ರೇಟಿಂಗನ್ನು ಗಾಜಿನ ಕ್ಯಾಪಿಲರಿಯೊಳಗೆ ಇಡುವವರಿದ್ದಾರೆ. ಕಾಯಿಲ್‌ನ ಕ್ಷೇತ್ರವಿಲ್ಲದ ಮೂಲೆಯಲ್ಲಾದರೆ ಸರಿ, ಕ್ಷೇತ್ರದ ನಡುವೆ ಅದು ಹಿಂದಿನ ಪ್ರಶ್ನೆಯ ಲೂಸ್ ಟ್ಯೂಬಿನ ಕತೆಯೇ.

ಪ್ರಶ್ನೆ: ಹೈವೋಲ್ಟೇಜ್ ಮೋಟಾರ್ ರೀವೈಂಡಿಂಗ್ ಮಾಡುತ್ತೇವೆ. ಆರ್‌ಟಿಡಿ (ತಾಪಕ್ಕೆ ತಕ್ಕಂತೆ ರೋಧ ಬದಲಾಗುವ ತಾಪ ಸೆನ್ಸರ್) ಹಾಕುವಾಗಲೇ ಪಿಡಿಗೂ ಏನಾದರೂ ಹಾಕಬಹುದೇ? ಆರ್‌ಟಿಡಿ ತೋರಿಸುವ ತಾಪವನ್ನು ಎಷ್ಟು ನಂಬಬೇಕು?

ಸ್ಲಾಟಿನಲ್ಲಿ (ಕಾಯಿಲ್ ಕೂರುವ, ಕಬ್ಬಿಣದ ಕೋರಿನ ತೋಡು) ಮೇಲಿನ ಮತ್ತು ಕೆಳಗಿನ ಕಾಯಿಲ್‌ಗಳ ನಡುವೆ ಕೂರುವ ಪಿಟಿ100 ಆರ್‌ಟಿಡಿ ಪಟ್ಟಿ ಇನ್ಸುಲೇಷನ್ನಿನ ಹೊರಗಿದೆ, ಕಾಯಿಲಿನ ಮೈಮೇಲಿನ ಕಪ್ಪು ಕಂಡಕ್ಟಿವ್ ಲೇಪ ಕೋರಿನ ಮೂಲಕ ಅರ್ತ್ ಆಗಿದೆ. ಹಾಗಾಗಿ ಪಟ್ಟಿ ಇರುವ ಕಡೆ ಕ್ಷೇತ್ರವೇ ಇಲ್ಲ. ಇಷ್ಟು ವರ್ಷ ಈ ಪದ್ಧತಿ ನಿಂತಿರುವುದು ಈ ಕಾರಣಕ್ಕೇ. ಆದರೆ ಅದೇ ಕಾರಣಕ್ಕೆ ಅದು ತಾಮ್ರದ ತಾಪ ಹೇಳುವುದಿಲ್ಲ. ಮೈಕಾ-ಎಪಾಕ್ಸಿ ಗೋಡೆಯ ಉಷ್ಣವಾಹಕತೆ ಸುಮಾರು 0.25 ವ್ಯಾಟ್/ಮೀಟರ್-ಕೆಲ್ವಿನ್, 3 ಮಿ.ಮೀ. ಗೋಡೆಯ ಮೂಲಕ ಚದರ ಮೀಟರಿಗೆ 1,000 ವ್ಯಾಟ್ ಹರಿದರೆ ಗೋಡೆಯ ಎರಡು ಬದಿಗೆ 12 ಡಿಗ್ರಿ ವ್ಯತ್ಯಾಸ. ಅಲಾರಂ ಹೊಂದಿಸುವಾಗ ಈ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯಿರಿ.

ಪಿಡಿಗೆ ಸ್ಟೇಟರ್ (ಯಂತ್ರದ ತಿರುಗದ ಭಾಗ) ಸ್ಲಾಟ್ ಕಪ್ಲರ್ ಇದೆ. ಸುಮಾರು 50 ಸೆಂ.ಮೀ. ಉದ್ದ, 1.7 ಮಿ.ಮೀ. ದಪ್ಪ, ಸ್ಲಾಟಿನಷ್ಟೇ ಅಗಲದ ಗಾಜು-ಎಪಾಕ್ಸಿ ಪಟ್ಟಿ. ಒಳಗೆ ತಾಮ್ರದ ಗೆರೆ, ಎರಡೂ ತುದಿಯಲ್ಲಿ ಕೋಆಕ್ಸಿಯಲ್ ಕೇಬಲ್. ವೆಡ್ಜ್ (ಸ್ಲಾಟಿನ ಬಾಯಿ ಮುಚ್ಚುವ ಬೆಣೆ) ಕೆಳಗೋ ಕಾಯಿಲ್‌ಗಳ ನಡುವೆಯೋ ಇಡುತ್ತಾರೆ. ಸ್ಲಾಟಿನೊಳಗಿನ ಪಿಡಿ ಪಲ್ಸು ಸಾಮಾನ್ಯವಾಗಿ 1–5 ನ್ಯಾನೊಸೆಕೆಂಡ್ ಅಗಲ, ಹೊರಗಿನಿಂದ ಬರುವ ಗದ್ದಲ 20ಕ್ಕಿಂತ ಹೆಚ್ಚು. ಈ ವ್ಯತ್ಯಾಸದಿಂದಲೇ ಅದು ಎರಡನ್ನೂ ಬೇರ್ಪಡಿಸುತ್ತದೆ. ದೊಡ್ಡ ಟರ್ಬೈನ್ ಜನರೇಟರಿಗಾಗಿ ಹುಟ್ಟಿದ್ದು ಅದು. ನಿಮ್ಮ ಮೋಟಾರುಗಳಿಗೆ ಟರ್ಮಿನಲ್ ಪೆಟ್ಟಿಗೆಯಲ್ಲಿ 80 ಪಿಕೊಫ್ಯಾರಡ್ ಮೈಕಾ ಕೆಪಾಸಿಟರ್ ಹಾಕುವುದೇ ಸುಲಭ, ಸ್ಲಾಟನ್ನು ಮುಟ್ಟಬೇಕಾಗಿಲ್ಲ.

ಯಾವುದನ್ನೇ ಹಾಕಿ, ಕೆಡುವುದು ಸ್ಲಾಟಿನಲ್ಲಿ ಅಲ್ಲ, ತಂತಿ ಸ್ಲಾಟಿನಿಂದ ಹೊರಬರುವಲ್ಲಿ. ಕೋರು ದಾಟಿದ ಮೇಲೆ ಕಂಡಕ್ಟಿವ್ ಲೇಪ ಮುಗಿದು, ಸಿಲಿಕಾನ್ ಕಾರ್ಬೈಡಿನ ಗ್ರೇಡಿಂಗ್ (ವೋಲ್ಟೇಜನ್ನು ಸ್ವಲ್ಪಸ್ವಲ್ಪವಾಗಿ ಹಂಚುವ) ಲೇಪ ಶುರುವಾಗುತ್ತದೆ, ಅದರಾಚೆ ಕಾಯಿಲಿನ ಮೈ ಮೇಲೆಯೇ ವೋಲ್ಟೇಜ್ ಇರುತ್ತದೆ. ಅಲ್ಲಿ ಆರ್‌ಟಿಡಿ ತಂತಿಯನ್ನು ಅನುಕೂಲಕ್ಕೆಂದು ಕಾಯಿಲಿಗೇ ಕಟ್ಟಿಬಿಡುತ್ತಾರೆ. ಅರ್ತಿನ ವಿಭವದ ತಂತಿ ಅಲ್ಲಿ ತಾಗಿದ ಕಡೆಯೆಲ್ಲ ಕಿಡಿ. ಕೆಲವು ತಿಂಗಳಿಗೆ ಬಿಳಿ ಪುಡಿ, ಓಝೋನಿನ ವಾಸನೆ. ತಂತಿಯನ್ನು ಸ್ಲಾಟ್ ಬಾಯಿಯಲ್ಲೇ ಕೋರಿನ ಮುಖದ ಕಡೆಗೆ ತಿರುಗಿಸಿ, ಫಿಂಗರ್ ಪ್ಲೇಟ್ (ಕೋರಿನ ತುದಿಯನ್ನು ಒತ್ತಿ ಹಿಡಿಯುವ ತಟ್ಟೆ) ಗುಂಟ ಹೊರಗೆ ಒಯ್ಯಿರಿ. ಪಟ್ಟಿ ಇಲ್ಲದ ಸ್ಲಾಟುಗಳಿಗೂ ಅಷ್ಟೇ ದಪ್ಪದ ಪ್ಯಾಕಿಂಗ್ ಇಡಿ, ಇಲ್ಲದಿದ್ದರೆ ಕಾಯಿಲ್ ಸಡಿಲವಾಗಿ ನಡುಗಿ ಲೇಪ ಉಜ್ಜಿಹೋಗುತ್ತದೆ. ಆರ್‌ಟಿಡಿಯ ಒಂದು ತಂತಿ ಅರ್ತ್ ಆಗಿರಲಿ, ಟರ್ಮಿನಲ್ಲಿಗೆ ಸರ್ಜ್ ರಕ್ಷಣೆ ಇರಲಿ. ಕಾಯಿಲ್ ಸಿಡಿದ ದಿನ ಆ ತಂತಿಯ ಮೇಲೆ ಹೈವೋಲ್ಟೇಜ್ ಬಂದು ಕಂಟ್ರೋಲ್ ಪ್ಯಾನೆಲ್ ತಲುಪಬಾರದು.

ಪ್ರಶ್ನೆ: ಎಕ್ಸ್‌ಎಲ್‌ಪಿಇ (ಕ್ರಾಸ್‌ಲಿಂಕ್ ಮಾಡಿದ ಪಾಲಿಎಥಿಲೀನ್) ಕೇಬಲ್ ತಯಾರಾಗುವಾಗಲೇ ಇನ್ಸುಲೇಷನ್ ಒಳಗೆ ಫೈಬರ್ ಹಾಕಬಹುದಲ್ಲ?

ಬೇಡ. ಅತ್ಯಧಿಕ ವೋಲ್ಟೇಜಿನ ಕೇಬಲ್ಲಿಗೆ ಬಳಸುವ ಎಕ್ಸ್‌ಎಲ್‌ಪಿಇಯಲ್ಲಿ 100 ಮೈಕ್ರಾನಿನ ಕಸವನ್ನೂ ಒಪ್ಪುವುದಿಲ್ಲ. ಫೈಬರ್ 125 ಮೈಕ್ರಾನ್. ಎಕ್ಸ್‌ಎಲ್‌ಪಿಇಯ ಪರ್ಮಿಟಿವಿಟಿ 2.3 ಮಾತ್ರ, ಗಾಜಿಗೆ ಹೊಂದುವುದೂ ಇಲ್ಲ. ಉದ್ದಕ್ಕೂ ತಾಪ ಅಳೆಯಬೇಕಾದರೆ ಸ್ಟೀಲ್ ಕೊಳವೆಯಲ್ಲಿಟ್ಟ ಫೈಬರನ್ನು ಹೊರಗಿನ ತಾಮ್ರದ ಸ್ಕ್ರೀನ್ ತಂತಿಗಳ ನಡುವೆ ಹಾಕುತ್ತಾರೆ, ರಾಮನ್ ಚದುರುವಿಕೆಯಿಂದ (ಗಾಜಿನೊಳಗೆ ಚದುರಿ ತರಂಗಾಂತರ ಬದಲಿಸಿ ಮರಳುವ ಬೆಳಕಿನಿಂದ) ಮೀಟರ್ ಮೀಟರಿಗೂ ತಾಪ ಸಿಗುತ್ತದೆ. ವಾಹಕದ 90 ಡಿಗ್ರಿ ಮಿತಿಯನ್ನು ಅದರಿಂದ ಲೆಕ್ಕ ಹಾಕಿ ತೆಗೆಯಬೇಕು.

ಕೇಬಲ್ ಜಾಯಿಂಟಿನಲ್ಲಿ ಪಿಡಿಗೆ ತಾಮ್ರದ ಹಾಳೆ ಸುತ್ತಬಹುದು. ಹೊರಗಿನ ಸೆಮಿಕಂಡಕ್ಟಿಂಗ್ ಪದರದ ಮೇಲೆ, ಲೋಹದ ಸ್ಕ್ರೀನಿನ ಕೆಳಗೆ. ಹಾಳೆಗೂ ಸ್ಕ್ರೀನಿಗೂ ನಡುವೆ ಇನ್ಸುಲೇಷನ್ ಪದರ. ಸ್ಕ್ರೀನಿನ ವಿದ್ಯುತ್ ದಾರಿ ಆ ಕಡೆಯಿಂದ ಈ ಕಡೆಗೆ ಪೂರ್ತಿ ಜೋಡಿಸಿರಬೇಕು. ಸೆಮಿಕಂಡಕ್ಟಿಂಗ್ ಪದರ ಮೇಲ್ ಆವರ್ತನವನ್ನು ನುಂಗುವುದರಿಂದ ಹಾಳೆ ಜಾಯಿಂಟಿಗೆ ಅಂಟಿಕೊಂಡಂತೆಯೇ ಇರಲಿ.

ಪ್ರಶ್ನೆ: ಟ್ರಾನ್ಸ್‌ಫಾರ್ಮರ್ ಹಾಟ್‌ಸ್ಪಾಟ್ (ಸುರುಳಿಯ ಅತಿ ಬಿಸಿ ಜಾಗ) ಅಳೆಯಲು ಫೈಬರ್ ಪ್ರೋಬ್ ಎಲ್ಲಿಡಬೇಕು? ಬುಶಿಂಗಿನ ಟೆಸ್ಟ್ ಟ್ಯಾಪಿಗೆ (ಹೊರ ಫಾಯಿಲಿನಿಂದ ಪರೀಕ್ಷೆಗೆಂದು ತೆಗೆದ ಸಣ್ಣ ಟರ್ಮಿನಲ್) ಸೆನ್ಸರ್ ಜೋಡಿಸುವುದು ಸುರಕ್ಷಿತವೇ?

ಕೆಲವು ಡಿಗ್ರಿಗೆ ಯಾಕಿಷ್ಟು ತಲೆಬಿಸಿ ಎಂದರೆ, ಸುರುಳಿಗೆ ಸುತ್ತುವ ಸಾಮಾನ್ಯ ಕ್ರಾಫ್ಟ್ ಕಾಗದಕ್ಕೆ 98 ಡಿಗ್ರಿ ಆಧಾರ ಬಿಂದು, ಅಲ್ಲಿಂದ ಪ್ರತಿ 6 ಡಿಗ್ರಿಗೆ ಸವೆತದ ವೇಗ ಇಮ್ಮಡಿ. ಪ್ರೋಬನ್ನು ಸುರುಳಿಯ ಮೇಲ್ತುದಿಯ ಡಿಸ್ಕುಗಳ ನಡುವಿನ ಪ್ರೆಸ್‌ಬೋರ್ಡ್ ಸ್ಪೇಸರಿನಲ್ಲಿ ತೋಡು ಕೊರೆದು ಕೂರಿಸಿ. ತೋಡಿನ ಆಳ ಪ್ರೋಬಿಗಿಂತ ತುಸು ಹೆಚ್ಚಿರಲಿ, ಕ್ಲ್ಯಾಂಪ್ ಬಿಗಿಸುವಾಗ ಒತ್ತಡ ಫೈಬರಿನ ಮೇಲೆ ಬೀಳಬಾರದು. ಹೊರಕವಚ ರಂಧ್ರಗಳಿರುವ ಪಿಟಿಎಫ್‌ಇ (ಟೆಫ್ಲಾನ್) ಆಗಿರಲಿ. ಎಣ್ಣೆ ಒಳಹೋಗಿ ಗಾಳಿ ಹೊರಬರಬೇಕು. ತಯಾರಿಯ ವೇಳೆ ಒಂದೆರಡು ಮುರಿಯುವುದು ಮಾಮೂಲು, ಪ್ರತಿ ಜಾಗಕ್ಕೆ ಎರಡು ಇಡಿ.

ಬುಶಿಂಗಿನೊಳಗೆ ಪದರಪದರವಾಗಿ ಹುದುಗಿರುವ ಫಾಯಿಲ್‌ಗಳು ಆಗಲೇ ಅಲ್ಲಿರುವ ಸೆನ್ಸರ್ ಇದ್ದಂತೆ. ಸಮವಿಭವ ಮೇಲ್ಮೈಯಲ್ಲೇ ಮಲಗಿರುವುದರಿಂದ ತೊಂದರೆ ಕೊಡುವುದಿಲ್ಲ. 60 ಪದರಗಳಲ್ಲಿ ಒಂದು ಒಡೆದರೆ ಕೆಪಾಸಿಟೆನ್ಸ್ ಸುಮಾರು 1.7% ಏರುತ್ತದೆ, ಆ ಏರಿಕೆಯನ್ನೇ ಹಿಡಿಯುವುದು. 220 ಕೆವಿಯ, 400 ಪಿಕೊಫ್ಯಾರಡ್ ಬುಶಿಂಗಿನ ಟ್ಯಾಪಿನಿಂದ 50 ಹರ್ಟ್ಸ್‌ನಲ್ಲಿ ಸುಮಾರು 16 ಮಿಲಿಆಂಪಿಯರ್ ಹರಿಯುತ್ತಿರುತ್ತದೆ. ಆ ದಾರಿ ಒಂದು ಕ್ಷಣವೂ ತೆರೆದುಕೊಳ್ಳಕೂಡದು. ತೆರೆದರೆ ಟ್ಯಾಪಿನ ಮೇಲೆ ಸಾವಿರಾರು ವೋಲ್ಟ್ ಏರಿ ಟ್ಯಾಪಿನ ಇನ್ಸುಲೇಷನ್ ಸುಟ್ಟು, ಬುಶಿಂಗೇ ಸಿಡಿಯಬಹುದು. ಅಡಾಪ್ಟರಿನೊಳಗೇ ರಕ್ಷಣೆ ಇರಬೇಕು, ಕೇಬಲ್ ಕಿತ್ತುಬಂದರೂ ಟ್ಯಾಪ್ ಅರ್ತಿಗೆ ಜೋಡಿಯೇ ಇರಬೇಕು. ಲೈನ್ ಬಂದ್ ಮಾಡಿ, ಅರ್ತ್ ಹಾಕಿಯೇ ಕೈ ಹಾಕಿ.

ಪ್ರಶ್ನೆ: ಸೆನ್ಸರ್ ಹಾಕಿದ್ದರಿಂದಲೇ ಇನ್ಸುಲೇಷನ್ ಕೆಟ್ಟಿಲ್ಲ ಎಂದು ತೋರಿಸುವುದು ಹೇಗೆ?

ಒಂದೇ ಬ್ಯಾಚಿನ ರೆಸಿನ್, ಒಂದೇ ಅಚ್ಚು. ಸೆನ್ಸರ್ ಇರುವ ಐದು, ಇಲ್ಲದ ಐದು. ಒಂದು ಮಾದರಿಯಿಂದ ಏನೂ ತಿಳಿಯುವುದಿಲ್ಲ. ಪಿಡಿ ಅಳತೆಯ ಅಂತರರಾಷ್ಟ್ರೀಯ ಮಾನದಂಡ ಐಇಸಿ 60270 ಪ್ರಕಾರ ಪಿಡಿ ಶುರುವಾಗುವ ಮತ್ತು ನಿಲ್ಲುವ ವೋಲ್ಟೇಜುಗಳನ್ನು ಎಲ್ಲದಕ್ಕೂ ಬರೆದಿಡಿ. ಪರೀಕ್ಷೆಯ ಹೊತ್ತಿನಲ್ಲಿ ಸೆನ್ಸರಿನ ತುದಿ ಬಳಕೆಯಲ್ಲಿ ಹೇಗೆ ಜೋಡಿಸಿರುತ್ತೀರೋ ಹಾಗೆಯೇ ಇರಲಿ. ಸಡಿಲ ಬಿಟ್ಟರೆ ಅದರದೇ ಪಿಡಿ ಕಾಣುತ್ತದೆ. ಟ್ಯಾನ್ ಡೆಲ್ಟಾವನ್ನು (ಇನ್ಸುಲೇಷನ್ನಿನೊಳಗೆ ಆಗುವ ವಿದ್ಯುತ್ ನಷ್ಟದ ಅಳತೆ) ಕೆಲಸದ ವೋಲ್ಟೇಜಿನ 0.2ರಿಂದ 1.0ರವರೆಗೆ ಹಂತಹಂತವಾಗಿ ಅಳೆಯಿರಿ. ವೋಲ್ಟೇಜ್ ಏರಿದಂತೆ ಅದೂ ಮೇಲೇಳುತ್ತಿದ್ದರೆ ಒಳಗೆ ಗಾಳಿ ಇದೆ.

ಇಷ್ಟಕ್ಕೇ ನಿಲ್ಲಿಸುವವರೇ ಹೆಚ್ಚು. ಹೊಸ ಎರಕ ಬಹಳ ಸಲ ಪಾಸಾಗುತ್ತದೆ, ಬಿಸಿ-ತಂಪಿನ ಸುತ್ತುಗಳಾದ ಮೇಲೆ ಫೇಲಾಗುತ್ತದೆ. ಗಾಜು, ತಾಮ್ರ, ರೆಸಿನ್ ಒಂದೊಂದು ಪ್ರಮಾಣದಲ್ಲಿ ಹಿಗ್ಗುವುದರಿಂದ ಗಡಿ ಬಿಟ್ಟುಕೊಳ್ಳುವುದು ಆಗಲೇ. ಕೆಲಸದ ಗರಿಷ್ಠ ತಾಪದವರೆಗೆ ಕನಿಷ್ಠ ಹತ್ತು ಸುತ್ತು ಕೊಟ್ಟು ಪಿಡಿಯನ್ನು ಮತ್ತೆ ಅಳೆಯಿರಿ. ಆಮೇಲೆ ಇಂಪಲ್ಸ್ (ಸಿಡಿಲಿನಂಥ ಕ್ಷಣಿಕ ವೋಲ್ಟೇಜಿನ) ಪರೀಕ್ಷೆ, ಆಮೇಲೆ ಹೆಚ್ಚು ವೋಲ್ಟೇಜಿನಲ್ಲಿ ಒಡೆಯುವವರೆಗೆ ಬಾಳಿಕೆ ಪರೀಕ್ಷೆ. ಎರಡೂ ಗುಂಪಿನ ಕಾಲವನ್ನು ವೈಬುಲ್ ಹಾಳೆಯ (ಒಡೆಯುವ ಕಾಲಗಳ ಹಂಚಿಕೆ ತೋರಿಸುವ ಗ್ರಾಫ್) ಮೇಲೆ ಹೋಲಿಸಿ.

ಒಡೆದ ಮಾದರಿಯನ್ನು ಎಸೆಯಬೇಡಿ. ವಜ್ರದ ಗರಗಸದಿಂದ ಸೆನ್ಸರಿಗೆ ಅಡ್ಡಲಾಗಿ ಕುಯ್ದು, ಹಂತಹಂತವಾಗಿ ಪಾಲಿಶ್ ಮಾಡಿ, ಬಣ್ಣದ ದ್ರವ ಹಚ್ಚಿ ಒರೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿ. ಬಿಟ್ಟುಕೊಂಡ ಗಡಿಯಲ್ಲಿ ಬಣ್ಣ ಕೂದಲೆಳೆಯಷ್ಟು ಗೆರೆಯಾಗಿ ನಿಲ್ಲುತ್ತದೆ. ಮೊದಲ ಕುಯ್ತವನ್ನು ತಂತಿ ಹೊರಬರುವ ಕಡೆಯಿಂದ ಶುರುಮಾಡಿ.